ಭಟ್ಕಳದ ಅಜ್ಜಿ ಕೇಳಿದ ಐಸ್‌ಕ್ರೀಮ್

ಭಟ್ಕಳದಿಂದ ಆ ಫೋನ್ ಬಂದಾಗ ನಾನು ಕುಮಟಾದ ನಮ್ಮ ಪುಟ್ಟ ಘಟಕದಲ್ಲಿ ಹಾಲಿನ ಪಾತ್ರೆಯ ಮುಂದೆ ಥರ್ಮಾಮೀಟರ್ ಹಿಡಿದು ನಿಂತಿದ್ದೆ. ಹಾಲು, ಕೆನೆ, ಸಕ್ಕರೆ ಎಲ್ಲ ಸೇರಿದ ಮಿಶ್ರಣ ಎಂಬತ್ತು ಡಿಗ್ರಿ ಮುಟ್ಟುವ ಹೊತ್ತಿಗೆ ಅದರ ಮುಂದಿನಿಂದ ಕದಲುವಂತಿಲ್ಲ. ಒಂದು ನಿಮಿಷ ತಪ್ಪಿದರೆ ತಳ ಹಿಡಿಯುತ್ತದೆ, ಆ ಕಮಟು ವಾಸನೆಯನ್ನು ಯಾವ ಏಲಕ್ಕಿಯೂ ಮುಚ್ಚಲಾರದು. ನನ್ನ ಜೊತೆ ಕೆಲಸ ಮಾಡುವ, ಪಕ್ಕದ ಊರು ಕಾಗಾಲದ ಹೆಂಗಸು ತನ್ನ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

ಮಾತಾಡಿದವರು ಮದುಮಗಳ ತಾಯಿ. ಮೇ ತಿಂಗಳಲ್ಲಿ ಮಗಳ ಮದುವೆ. ಹೆಂಗಸರ ಊಟಕ್ಕೆ ಮುನ್ನೂರು ಜನ. ಎಳನೀರಿನ ಐಸ್‌ಕ್ರೀಮ್ ಮತ್ತು ಮಾವಿನ ಹಣ್ಣಿನದು ಬೇಕು ಎಂದರು. ಎಲ್ಲ ಹೇಳಿ ಮುಗಿಸಿದ ಮೇಲೆ ಸ್ವಲ್ಪ ತಡೆದು, "ಮೇಡಂ, ಇನ್ನೊಂದು ವಿಷಯ ಅದೆ. ನಮ್ಮ ಅಮ್ಮನಿಗೆ ಬೇರೆಯೇ ಒಂದು ಐಸ್‌ಕ್ರೀಮ್ ಬೇಕಂತೆ. ಎಂತದ್ದು ಅಂತ ನನಗೆ ಫೋನಲ್ಲಿ ಹೇಳ್ಲಿಕ್ಕೆ ಬರುದಿಲ್ಲ. ಒಮ್ಮೆ ಬಂದು ಹೋಗ್ತೀರಾ?" ಎಂದು ಕೇಳಿದರು.

ಐಸ್‌ಕ್ರೀಮಿಗಾಗಿ ಯಾರಾದರೂ ಮನೆಗೆ ಕರೆಸಿ ಮಾತಾಡಿದ್ದು ನನಗೆ ಅದೇ ಮೊದಲು. ಈಗ ಅದೊಂದು ಅಪರೂಪದ ಪದಾರ್ಥವೇ ಅಲ್ಲ. ಕುಮಟಾದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಹೋದರೆ ಐಸ್‌ಕ್ರೀಮ್ ಪೆಟ್ಟಿಗೆ ಇಲ್ಲದ ಅಂಗಡಿ ಸಿಗುವುದು ಕಷ್ಟ. ಸೋಪು, ಬೆಂಕಿಪೊಟ್ಟಣ, ಸಿಮ್ ಕಾರ್ಡ್ ಮಾರುವಲ್ಲೂ ಬಾಗಿಲ ಬಳಿ ಒಂದು ಗುಂಯ್‌ಗುಡುತ್ತಿರುತ್ತದೆ. ಕಾಲೇಜು ಬಿಟ್ಟ ಹುಡುಗಿಯರು ಒಂದು ಗಡ್‌ಬಡ್ ಐಸ್‌ಕ್ರೀಮಿಗೆ ಮೂರು ಚಮಚ ಹಾಕಿಸಿಕೊಂಡು ಗಂಟೆಗಟ್ಟಲೆ ಕೂರುತ್ತಾರೆ. ಗಂಟಲು ಆಪರೇಷನ್ ಆದವರಿಗೆ ಡಾಕ್ಟರೇ ತಿನ್ನಲು ಹೇಳುತ್ತಾರೆ. ಇಷ್ಟು ಸಲೀಸಾಗಿ ಸಿಗುವ ಪದಾರ್ಥದಲ್ಲಿ ಒಬ್ಬ ಮುದುಕಿಗೆ ಬೇಕಾದದ್ದು ಸಿಗದೆ ಹೋಗುವುದು ಎಂದರೇನು ಎಂಬ ಕುತೂಹಲಕ್ಕೇ ಮರುದಿನ ಹೊರಟೆ.

ಅಜ್ಜಿಗೆ ಎಂಬತ್ತರ ಹತ್ತಿರ. ಹಳೆಯ ಓಣಿಯ ಮನೆ, ಹಿಂದೆ ಬಾವಿಯಿರುವ ಹಿತ್ತಿಲು. ಕಿಟಕಿಯ ಪಕ್ಕ ಕೂತಿದ್ದರು. ಮನೆಯವರ ಜೊತೆ ಕೊಂಕಣಿಗೆ ಹತ್ತಿರದ ನವಾಯತಿಯಲ್ಲಿ ಮಾತಾಡುತ್ತಿದ್ದವರು ನನ್ನ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬಂದರು.

"ನನ್ನ ಅಕ್ಕನ ಮದುವೆಲಿ ಮಾಡಿದ್ರು ಮಗಾ. ಇದೇ ಹಿತ್ಲಲ್ಲಿ. ಮರದ ಬಕೆಟ್ಟು. ಅದರ ಒಳಗೆ ತಗಡಿನ ಡಬ್ಬಿ. ಸುತ್ತ ಐಸು, ಉಪ್ಪು. ಬದಿಗೆ ಒಂದು ಹಿಡಿಕೆ. ಗಂಡಸರು ಒಬ್ಬರಾದ ಮೇಲೆ ಒಬ್ಬರು ತಿರುಗಿಸ್ತಿದ್ರು. ತಿರುಗಿಸುವಾಗ ಬಕೆಟ್ಟು ಹಾರ್ತದಲ್ಲ, ಅದಕ್ಕೆ ಮೇಲೆ ಗೋಣಿ ಮಡಚಿ ಹಾಕಿ ನನ್ನ ಕೂರಿಸಿದ್ರು."

"ನಿಮಗೆ ಆಗ ಎಷ್ಟು ವರ್ಷ?"

"ಎಂಟೋ ಒಂಬತ್ತೋ. ಗೋಣಿ ದಾಟಿ ತಣ್ಣಗೆ ಹತ್ತಿ ಕಾಲೆಲ್ಲ ಜೋಮು ಬಂತು. ಆದ್ರೂ ಇಳೀಲಿಲ್ಲ. ಇಳಿದ್ರೆ ಬೇರೆಯವರು ಕೂರ್ತಾರಲ್ಲ?"

ರುಚಿ ಹೇಗಿತ್ತು ಎಂದು ಕೇಳಿದೆ. ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿ ತೋರಿಸಿದರು. "ಬಾಯಲ್ಲಿ ಸಣ್ಣ ಸಣ್ಣ ಕಾಳು ಸಿಗ್ತಿತ್ತು. ಈಗಿನದ್ದು ಹಾಗಲ್ಲ. ಈಗಿನದ್ದು ಸೋಪಿನ ನೊರೆ."

ನನಗೆ ಚುರುಕ್ಕೆಂದಿತು. ಈ ಕೆಲಸಕ್ಕೆ ಕೈ ಹಾಕಿದಂದಿನಿಂದ ನಾನು ಗುದ್ದಾಡಿದ್ದೇ ಆ ಕಾಳುಗಳ ವಿರುದ್ಧ. ಮಿಶ್ರಣವನ್ನು ರಾತ್ರಿಯಿಡೀ ತಣ್ಣಗಿಟ್ಟು ಮರುದಿನ ಯಂತ್ರಕ್ಕೆ ಹಾಕುವುದು, ಹದವಾಗಿ ಗಟ್ಟಿಯಾಗಲು ಬೇಕಾದ ಪುಡಿಯನ್ನು ಗುಲಗಂಜಿ ಲೆಕ್ಕದಲ್ಲಿ ತೂಗುವುದು, ಎಲ್ಲ ಬಾಯಲ್ಲಿ ಏನೂ ತಾಗದೆ ಜಾರಿಹೋಗಲಿ ಎಂದೇ.

ಹೊರಡುವಾಗ ಅಜ್ಜಿಯ ಮಗಳು, ನನಗೆ ಫೋನ್ ಮಾಡಿದ್ದವರು, ಬಾಗಿಲವರೆಗೆ ಬಂದು ದನಿ ತಗ್ಗಿಸಿದರು. "ಅಮ್ಮನಿಗೆ ಈಗ ನೆನಪು ಕಲಸ್ತಾ ಅದೆ ಮೇಡಂ. ಮೊನ್ನೆ ನನ್ನನ್ನೇ ತನ್ನ ತಂಗಿ ಅಂದ್ಕೊಂಡಿದ್ರು. ಕರೆಂಟೇ ಇಲ್ಲದ ಕಾಲದಲ್ಲಿ ಇಲ್ಲಿ ಐಸ್ ಎಲ್ಲಿಂದ ಬರ್ಬೇಕು ಹೇಳಿ? ಟೀವಿಲಿ ನೋಡಿದ್ದನ್ನ ಇಲ್ಲಿ ನಡೆದದ್ದು ಅಂತಾರೆ. ನೀವು ನಿಮ್ಮ ಏಲಕ್ಕಿ ಐಸ್‌ಕ್ರೀಮನ್ನೇ ಒಂದು ಹಳೇ ಪಾತ್ರೆಲಿ ಹಾಕಿ ತನ್ನಿ. ಹಳೇ ಕಾಲದ್ದು ಅಂತ ಹೇಳಿದ್ರೆ ಆತು."

ಅವರು ಅದನ್ನು ಹೇಳಿದ್ದು ಪ್ರೀತಿಯಿಂದಲೇ. ನನಗೂ ಅದು ಸುಲಭದ ದಾರಿ ಅನ್ನಿಸಿತು. ವಾರ ಬಿಟ್ಟು ಹಾಲನ್ನು ಸ್ವಲ್ಪ ಹೆಚ್ಚು ಬತ್ತಿಸಿ, ಏಲಕ್ಕಿ ಕುಟ್ಟಿ ಹಾಕಿ ಒಂದು ಲೀಟರು ಮಾಡಿದೆ. ಮನೆಯ ಹಿತ್ತಾಳೆ ಡಬ್ಬಿಗೆ ಕಲಾಯಿ ಮಾಡಿಸಿ ಅದರಲ್ಲಿ ತುಂಬಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಒಯ್ದೆ.

ಅಜ್ಜಿ ಒಂದು ಚಮಚ ಬಾಯಿಗಿಟ್ಟುಕೊಂಡರು. ನಾನು, "ಹಳೇ ಕಾಲದ ಹಾಗೇ ಮಾಡಿದ್ದು ಅಮ್ಮಾ" ಎಂದೆ. ಅವರು ಚಮಚವನ್ನು ಬಟ್ಟಲಲ್ಲಿಟ್ಟು ನನ್ನ ಮುಖವನ್ನೇ ನೋಡಿದರು.

"ಮುದುಕಿಗೆ ಏನಾದರೊಂದು ಹೇಳಿ ಸಮಾಧಾನ ಮಾಡು ಅಂತ ಯಾರು ಹೇಳಿದ್ರು ನಿಂಗೆ?"

ಮಗಳು ಅಡಿಗೆಮನೆಯ ಕಡೆ ನಡೆದುಬಿಟ್ಟರು.

"ಇದು ಗಾಳಿ ಮಗಾ," ಎಂದು ಅಜ್ಜಿಯೇ ಮೆತ್ತಗೆ ಹೇಳಿದರು. "ಒಳ್ಳೆ ಗಾಳಿ. ಆದ್ರೆ ಗಾಳಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಯಾಕೆಂದರೆ ಅದು ಅಕ್ಷರಶಃ ನಿಜ. ಯಂತ್ರದ ಐಸ್‌ಕ್ರೀಮಿನಲ್ಲಿ ಗಾಳಿಯದೂ ಒಂದು ಪಾಲು. ಒಂದು ಲೀಟರು ಮಿಶ್ರಣ ಹಾಕಿದರೆ ಯಂತ್ರ ಅದನ್ನು ತಣ್ಣಗಾಗಿಸುತ್ತಲೇ ಕಡೆದು, ಗಾಳಿ ಸೇರಿಸಿ, ಒಂದೂವರೆ ಲೀಟರು ಮಾಡಿ ಕೊಡುತ್ತದೆ. ಅದಿಲ್ಲದಿದ್ದರೆ ಐಸ್‌ಕ್ರೀಮ್ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಇದನ್ನು ನಾನು ತರಬೇತಿಯಲ್ಲಿ ಓದಿ ತಿಳಿದದ್ದು. ಅವರು ಒಂದು ಚಮಚದಲ್ಲಿ ಹೇಳಿದರು.

ಮರುದಿನದಿಂದ ನಾನು ನಿಜವಾಗಿಯೂ ಕೆಲಸ ಶುರು ಮಾಡಿದೆ. ದಿನದ ಆರ್ಡರ್ ಮುಗಿದ ಮೇಲೆ ಸಂಜೆ ಒಂದೊಂದು ಪ್ರಯೋಗ. ಎಮ್ಮೆ ಹಾಲು, ಸಕ್ಕರೆ, ಏಲಕ್ಕಿ, ಅಷ್ಟೇ, ಪುಡಿಗಳನ್ನೆಲ್ಲ ಬಿಟ್ಟೆ. ಯಂತ್ರದ ವೇಗ ತಗ್ಗಿಸಿದೆ. ಗಾಳಿ ಕಡಿಮೆಯಾಯಿತು, ಕಾಳುಗಳೂ ಬಂದವು. ಅದನ್ನು ಭಟ್ಕಳಕ್ಕೆ ಕಳಿಸಿದೆ. ಸಂಜೆ ಅಜ್ಜಿಯದೇ ಫೋನ್ ಬಂತು.

"ಹತ್ರ ಬಂತು. ಆದ್ರೆ ಇದು ಐಸಿನ ಕಾಳು. ಐಸು ಬಾಯಲ್ಲಿ ಕರಗಿ ಹೋಗ್ತದೆ. ಅದು ಹಾಗಲ್ಲ. ಎಲ್ಲ ಕರಗಿದ ಮೇಲೂ ನಾಲಗೆ ಮೇಲೆ ಒಂದು ಕ್ಷಣ ಉಳೀತಿತ್ತು. ಆಮೇಲೆ ಹೋಗ್ತಿತ್ತು."

ಫೋನಿಟ್ಟು, ಉಳಿದದ್ದರಲ್ಲಿ ಒಂದು ಚಮಚ ನಾನೇ ಬಾಯಿಗಿಟ್ಟುಕೊಂಡೆ. ಟೀವಿಯಲ್ಲಿ ನೋಡಿದ್ದನ್ನು ತನ್ನದೆಂದು ಹೇಳುವವರು ಕಾಳಿಗೂ ಕಾಳಿಗೂ ಇಂಥ ವ್ಯತ್ಯಾಸ ಹೇಳಲಾರರು. ಇದನ್ನು ನಾಲಗೆಯೇ ಹೇಳಬೇಕು. ಅಂದಿನಿಂದ ನಾನು ಅವರ ಮಾತನ್ನು ಅನುಮಾನಿಸಲಿಲ್ಲ.

ನೀರಿನ ಕಾಳಲ್ಲ ಅಂದರೆ ಕೊಬ್ಬಿನ ಕಾಳು. ಬೆಣ್ಣೆಯಿರಬೇಕೆಂದು ಕೆನೆ ಹೆಚ್ಚು ಹಾಕಿ ಹೆಚ್ಚು ಹೊತ್ತು ಕಡೆದೆ. ಬೆಣ್ಣೆ ಚೂರುಗಳು ತೇಲಿದವು, ಬಾಯೆಲ್ಲ ಜಿಡ್ಡು. ನಾಯಿಯೂ ಮೂಸದ ಹಾಗಾಯಿತು. ಎರಡನೇ ಸಲವೂ ಅದೇ ಗತಿ. ಮದುವೆಗೆ ಹದಿನೈದು ದಿನ ಉಳಿದಿತ್ತು.

ಅದನ್ನು ಚೆಲ್ಲುವಾಗ ಕಾಗಾಲದಾಕೆ ಪಾತ್ರೆ ತೊಳೆಯುತ್ತಾ ತಟ್ಟನೆ ಕೇಳಿದಳು. ಅವಳ ಮನೆಯಲ್ಲಿ ಎರಡು ಎಮ್ಮೆ ಇವೆ, ಹಾಲಿನ ವಿಷಯದಲ್ಲಿ ಅವಳು ಸುಮ್ಮನೆ ಬಾಯಿ ಬಿಡುವವಳಲ್ಲ.

"ಅಕ್ಕಾ, ಆ ಮದುವೆ ಯಾವಾಗ ಆದದ್ದು ಅಂದ್ರಿ? ಬೇಸಿಗೆಲಿ ಅಲ್ವಾ?"

"ಹೌದು."

"ಬೇಸಿಗೆಲಿ ನಮ್ಮ ಎಮ್ಮೆ ಎರಡು ಲೀಟರ್ ಕೊಟ್ರೆ ದೊಡ್ಡದು. ಆಗ ಡೈರಿ ಇಲ್ಲ, ಪ್ಯಾಕೆಟ್ ಇಲ್ಲ. ಮದುವೆ ಮನೆ ಅಷ್ಟೂ ಜನಕ್ಕೆ ಹಾಲು ಎಲ್ಲಿಂದ ತಂದ್ರು?"

ನಾನು ಅವಳ ಮುಖ ನೋಡಿದೆ. ಕೈಯಲ್ಲಿದ್ದ ಪಾತ್ರೆ ಅಲ್ಲೇ ಇಟ್ಟು ಭಟ್ಕಳಕ್ಕೆ ಫೋನ್ ಮಾಡಿದೆ. ಅಜ್ಜಿ ನನ್ನ ಪ್ರಶ್ನೆ ಕೇಳಿ ಬೇಜಾರು ಮಾಡಿಕೊಂಡ ಹಾಗೆ ಕಂಡಿತು.

"ತೆಂಗಿನ ಹಾಲು ಹಾಕುದು. ಮತ್ತೆ ಎಂತ ಹಾಕುದು?"

"ಮೊದಲೇ ಹೇಳ್ಲಿಲ್ಲ ಅಲ್ಲ ಅಮ್ಮಾ!"

"ನೀನು ಕೇಳ್ಲಿಲ್ಲ. ಸಕ್ಕರೆ ಹಾಕುದು ಅಂತಲೂ ನಾ ಹೇಳ್ಲಿಲ್ಲ. ನೀನು ಹಾಕಿದ್ದಿ ಅಲ್ಲ?"

ಕಾಗಾಲದಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಕರಾವಳಿಯ ಮನೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯದೆ ಹೋದದ್ದು ನಾಚಿಕೆಯೇ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಕಾಳು ಕಾಳಾಗಿ ಹೆಪ್ಪುಗಟ್ಟುವುದನ್ನು ನೋಡದವರು ಇಲ್ಲಿ ಯಾರು? ಅದೇ ಕೊಬ್ಬು ಐಸ್‌ಕ್ರೀಮಿನಲ್ಲೂ ಕಾಳುಗಟ್ಟಿ, ಐಸು ಕರಗಿದ ಮೇಲೂ ಒಂದು ಗಳಿಗೆ ನಾಲಗೆಯ ಮೇಲೆ ನಿಂತು, ಆಮೇಲೆ ಕರಗುತ್ತಿತ್ತು. ಅಜ್ಜಿ ಅದರ ಕ್ರಮವನ್ನೂ ಹೇಳಿದರು: ಅರ್ಧ ಎಮ್ಮೆ ಹಾಲು, ಅರ್ಧ ತೆಂಗಿನ ಹಾಲು. ಕಾಯಿ ಹಿಂಡಿದ ಎರಡನೇ ಹಾಲನ್ನು ಎಮ್ಮೆ ಹಾಲಿನ ಜೊತೆ ಕುದಿಸಬಹುದು; ಮೊದಲ ಹಾಲು ಮಾತ್ರ ಎಲ್ಲ ಆರಿದ ಮೇಲೆ. ಬಿಸಿಗೆ ಹಾಕಿದರೆ ಒಡೆಯುತ್ತದೆ.

ಇನ್ನು ಉಳಿದದ್ದು ಬಕೆಟ್ಟು. ಯಂತ್ರದ ವೇಗಕ್ಕೆ ಈ ಕಾಳು ಕೂರುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಕುಮಟಾದಲ್ಲಿ ಮುಚ್ಚಿಹೋದ ಒಂದು ಹೋಟೆಲಿನ ಅಟ್ಟದಲ್ಲಿ ಅಂಥದ್ದೊಂದು ಇದೆಯೆಂದು ಸಕ್ಕರೆ ವ್ಯಾಪಾರಿ ಹೇಳಿದರು. ಧೂಳು ಹೊಡೆದು ಕೆಳಗಿಳಿಸಿದರೆ ಹಲಗೆಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು, ನೀರು ಹಾಕಿದರೆ ಜರಡಿಯಂತೆ ಸೋರಿತು. ಎರಡು ದಿನ ಬಾವಿಕಟ್ಟೆಯಲ್ಲಿ ನೀರು ತುಂಬಿಸಿಟ್ಟ ಮೇಲೆ ಮರ ಉಬ್ಬಿ ಸಂದುಗಳು ತಾವೇ ಮುಚ್ಚಿಕೊಂಡವು. ಒಳಗಿನ ಡಬ್ಬಿ ತುಕ್ಕು ತಿಂದಿತ್ತು. ಅದೇ ಅಳತೆಗೆ ಸ್ಟೀಲಿನದೊಂದನ್ನು ಮಾಡಿಸಿದೆ. ಡಬ್ಬಿಯ ಗೋಡೆ ಕೆರೆಯುವ ರೆಕ್ಕೆಯನ್ನು ಬಡಗಿಯೊಬ್ಬರು ಹಲಸಿನ ಮರದಲ್ಲಿ ಕೆತ್ತಿ ಕೊಟ್ಟರು. ಹಲ್ಲುಚಕ್ರಗಳಿಗೆ ತೆಂಗಿನೆಣ್ಣೆ ಹಾಕಿ ತಿರುಗಿಸಿದಾಗ ಮೊದಲು ಕಿರುಗುಟ್ಟಿ, ಆಮೇಲೆ ಸಲೀಸಾದವು.

ಐಸಿಗಾಗಿ ಹೊನ್ನಾವರ ದಾಟಿ, ಶರಾವತಿ ಸೇತುವೆಯ ಆಚೆ ಕಾಸರಕೋಡಿನ ಒಂದು ಐಸ್ ಪ್ಲಾಂಟಿಗೆ ಹೋದೆ. ಮೀನಿನ ದೋಣಿಗಳಿಗೆ ಐಸ್ ಮಾಡುವ ಜಾಗ. ಡಬ್ಬಿಯ ಹೊರಗೆ ಮಾತ್ರ ಹಾಕುವುದಾದರೂ ಮೀನಿನ ಸೋಂಕು ತಾಗದ ಐಸ್ ಬೇಕೆಂದು ಕೇಳಿದೆ. ಪ್ಲಾಂಟಿನ ಯಜಮಾನರು ಎಪ್ಪತ್ತು ದಾಟಿದವರು. ಅಚ್ಚಿನಿಂದ ಆಗಷ್ಟೇ ತೆಗೆದ ಐಸನ್ನು ತೊಳೆದ ತಾಡಪತ್ರಿಯ ಮೇಲೆ ಇಳಿಸಿಕೊಟ್ಟು, "ಎಂತಕ್ಕೆ ತಂಗಿ ಇಷ್ಟು ಮಡಿ?" ಎಂದು ಕೇಳಿದರು. ಹೇಳಿದೆ.

"ಭಟ್ಕಳದ ಮದುವೆಗಾ? ನಮ್ಮಪ್ಪನೇ ಕೊಡ್ತಿದ್ದ ಅಲ್ಲ!" ಎಂದರು. "ಆಗ ನಮ್ಮ ಪ್ಲಾಂಟ್ ಇರ್ಲಿಲ್ಲ. ಮೀನಿಗೆ ಅಂತ ಮಂಗಳೂರಿಂದ ಲಾರಿಲಿ ಐಸ್ ತರ್ಸುದು. ಮರದ ಹೊಟ್ಟಿನ ಒಳಗೆ ಹುಗಿದು, ಮೇಲೆ ಗೋಣಿ. ದಾರಿಲಿ ಭಟ್ಕಳದಲ್ಲಿ ದೊಡ್ಡ ಮನೆ ಮದುವೆ ಇದ್ರೆ ನಾಲ್ಕು ಐಸ್ ಅಲ್ಲೇ ಇಳ್ಸುದು. ಇಲ್ಲಿಗೆ ಬರುವಾಗ ಮೀನಿಗೆ ಐಸ್ ಕಡಿಮೆ ಆಗಿ ಅಪ್ಪಂಗೂ ಡ್ರೈವರಂಗೂ ಜಗಳ. ಅದನ್ನ ಮನೇಲಿ ಎಷ್ಟು ಸಲ ಹೇಳಿ ನಗಾಡ್ತಿದ್ದ!"

ಅಲ್ಲೇ ನಿಂತು ಮದುಮಗಳ ತಾಯಿಗೆ ಫೋನ್ ಮಾಡಿ ಅದಷ್ಟನ್ನೂ ಹೇಳಿದೆ.

"ಎರಡು ವರ್ಷ ಆತು ಮೇಡಂ," ಎಂದರು. "ಅಮ್ಮ ಈ ಕತೆ ತೆಗೆದಾಗೆಲ್ಲ ನಾವು, ಇಲ್ಲ ಅಮ್ಮ, ಹಾಗೆ ಆಗ್ಲಿಲ್ಲ ಅಂತ ಹೇಳ್ತಾ ಬಂದಿದ್ದು."

ಮದುವೆಗೆ ಐದು ದಿನ ಇರುವಾಗ ಮೊದಲ ಸಲ ಬಕೆಟ್ಟಿನಲ್ಲಿ ಮಾಡಿದೆವು. ಐಸನ್ನು ಗೋಣಿಯಲ್ಲಿ ಹಾಕಿ ಕುಟ್ಟಿ, ನಾಲ್ಕು ಪಾಲು ಐಸಿಗೆ ಒಂದು ಪಾಲು ಸಾಣಿಕಟ್ಟೆಯ ಹರಳುಪ್ಪು. ಬರೀ ಐಸಿಗೆ ಐಸ್‌ಕ್ರೀಮ್ ಆಗುವುದಿಲ್ಲ. ಉಪ್ಪು ಬಿದ್ದರೆ ಐಸು ಸೊನ್ನೆಗಿಂತ ಕೆಳಗಿಳಿದು ಕರಗಲು ಶುರುವಾಗಿ ಡಬ್ಬಿಯೊಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಯಂತ್ರಗಳು ಬರುವ ಮೊದಲು ಲೋಕವೆಲ್ಲ ತಿಂದದ್ದು ಹೀಗೆ ಮಾಡಿದ ಐಸ್‌ಕ್ರೀಮನ್ನೇ. ನಾನೂ ಕಾಗಾಲದಾಕೆಯೂ ಸರದಿಯಲ್ಲಿ ಅರ್ಧ ಗಂಟೆ ತಿರುಗಿಸಿದೆವು. ಮುಚ್ಚಳ ತೆಗೆದರೆ ಒಳಗೆ ಕೊಬ್ಬರಿ ತುರಿಯಂಥ ಗಂಟು ಗಂಟು. ಕಡೆದದ್ದು ಹೆಚ್ಚಾಗಿತ್ತು. ಎರಡನೇ ದಿನ ಬೇಗ ನಿಲ್ಲಿಸಿದೆವು. ಅದು ಗಂಜಿಯ ಹಾಗಿತ್ತು, ಫ್ರೀಜರಿನಲ್ಲಿಟ್ಟರೆ ಕಲ್ಲಾಯಿತು. ನನ್ನ ಯಂತ್ರದಲ್ಲಿ ಮಿಶ್ರಣ ಗಟ್ಟಿಯಾದಂತೆ ಮೋಟಾರಿನ ಮೇಲೆ ಹೊರೆ ಏರುತ್ತದೆ, ಮೀಟರಿನ ಮುಳ್ಳು ಅದನ್ನು ತೋರಿಸುತ್ತದೆ. ಇಲ್ಲಿ ಮುಳ್ಳಿಲ್ಲ. ಗಡಿಯಾರ ನೋಡಿದರೆ ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ತಾಳೆಯಾಗುವುದಿಲ್ಲ. ಸೆಖೆ ಹೆಚ್ಚಿದ್ದರೆ ಐಸು ಬೇಗ ಕರಗುತ್ತದೆ.

ಯಾವಾಗ ನಿಲ್ಲಿಸುವುದು ಎಂದು ಅಜ್ಜಿಯನ್ನು ಕೇಳಿದೆ.

"ಅದು ಕೂತವರಿಗೆ ಗೊತ್ತಾಗ್ತದೆ," ಎಂದರು.

"ಯಾರಿಗೆ ಅಮ್ಮಾ?"

"ತಿರುಗಿಸುವವನಿಗೆ ತನ್ನ ಕೈ ನೋವೇ ಗೊತ್ತಾಗುದು. ಬಕೆಟ್ಟಿನ ಮೇಲೆ ಕೂತವರಿಗೆ ಗೊತ್ತಾಗ್ತದೆ. ಮೊದಲು ಗಡಗಡ ಅಂತದೆ. ಆಮೇಲೆ ಬೇರೆ ಆಗ್ತದೆ. ಹೇಗೆ ಅಂತ ಈಗ ನಾ ಹೇಗೆ ಹೇಳ್ಲಿ?"

ಆವತ್ತು ಮಧ್ಯಾಹ್ನ ನಾನು ಮನಸ್ಸು ಗಟ್ಟಿ ಮಾಡಿದೆ. ಇದನ್ನು ಕುಮಟಾದಲ್ಲಿ ಮಾಡಿ ಒಯ್ಯುವುದು ಬೇಡ. ಬಕೆಟ್ಟನ್ನೇ ಭಟ್ಕಳಕ್ಕೆ ಒಯ್ದು ಮದುವೆಯ ದಿನ ಅದೇ ಹಿತ್ತಿಲಿನಲ್ಲಿ ಮಾಡುವುದು. ಯಾವಾಗ ಆಯಿತೆಂದು ಅಜ್ಜಿ ಹೇಳಲಿ.

ಮಗಳು ಒಪ್ಪಲಿಲ್ಲ. "ಐಸ್ ಬಂದದ್ದು ನಿಜ, ಒಪ್ತೇನೆ. ಆದ್ರೆ ಅಮ್ಮ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುದಿಲ್ಲ. ಅಷ್ಟು ಜನ ಬಂದಿರ್ತಾರೆ. ಅವರ ಎದುರಿಗೆ ಎಂತಾದ್ರೂ ಹೆಚ್ಚು ಕಡಿಮೆ ಆದ್ರೆ ಅಮ್ಮನನ್ನೇ ಆಡ್ಕೊಳ್ತಾರೆ. ಅದು ನನಗೆ ಆಗುದಿಲ್ಲ."

"ಎಳನೀರಿನದು, ಮಾವಿನದು ಎಲ್ಲ ತಯಾರು ಮಾಡಿ ತಂದೇ ತರ್ತೇನೆ," ಎಂದೆ. "ಇದು ಕೆಟ್ರೆ ಬಕೆಟ್ಟು ತಂದವಳು ನಾನು, ಅಳತೆ ತಪ್ಪಿದ್ದು ನಾನು ಅಂತ ಹೇಳ್ತೇನೆ. ಅವರ ಹೆಸರು ಬರುದಿಲ್ಲ."

ಅವರು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಐಸು, ಉಪ್ಪಿನ ಚೀಲ, ಬಕೆಟ್ಟು, ತಣ್ಣಗಿಟ್ಟ ಮಿಶ್ರಣ, ಉಳಿದ ಐಸ್‌ಕ್ರೀಮ್ ಡಬ್ಬಿಗಳು ಎಲ್ಲ ಹೇರಿಕೊಂಡು ಒಂಬತ್ತೂವರೆಗೆ ತಲುಪಿದೆವು. ಮನೆ ತುಂಬ ಮಲ್ಲಿಗೆಯ ವಾಸನೆ, ಬಿರಿಯಾನಿ ಹಂಡೆಗಳ ಸದ್ದು. ಅಜ್ಜಿಯನ್ನು ಮಾತಾಡಿಸಲು ಒಳಗೆ ಹೋದೆ. ಅವರು ನನ್ನನ್ನು ಗುರುತೇ ಇಲ್ಲದ ಹಾಗೆ ನೋಡಿದರು.

"ಬಳೆ ತಂದ್ಯಾ? ಹಸಿರು ಬೇಡ," ಎಂದರು.

ಮಗಳು ನನ್ನತ್ತ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಹಿತ್ತಿಲಿಗೆ ಬಂದು ಕಾಗಾಲದಾಕೆಗೆ ಹೇಳಿದೆ.

"ಈಗ ಎಂತ ಮಾಡುದು ಅಕ್ಕಾ?"

"ಐಸ್ ಕರಗ್ತಾ ಅದೆ. ಶುರು ಮಾಡುವ."

ದುಬೈಯಿಂದ ರಜೆಯಲ್ಲಿ ಬಂದಿದ್ದ ಮೊಮ್ಮಕ್ಕಳಿಬ್ಬರು ತಿರುಗಿಸಲು ತಯಾರಾಗಿ ಅಂಗಿಯ ತೋಳು ಮಡಚಿದರು. ಬಾವಿಕಟ್ಟೆಯ ಪಕ್ಕ ಬಕೆಟ್ಟಿಟ್ಟು, ಡಬ್ಬಿಗೆ ಮಿಶ್ರಣ ಹೊಯ್ದು, ಮುಚ್ಚಳ ಬಿಗಿದು, ಸುತ್ತ ಐಸು ಉಪ್ಪು ತುಂಬಿದೆ. ಹಿಡಿಕೆ ತಿರುಗಿದ ಕೂಡಲೇ ಐಸಿನ ಚೂರುಗಳು ಮರಕ್ಕೂ ಸ್ಟೀಲಿಗೂ ಬಡಿದು ಹಿತ್ತಿಲೆಲ್ಲ ಗಡಗಡ ಎಂದಿತು. ಬಕೆಟ್ಟು ಹಾರತೊಡಗಿತು. ಒಬ್ಬ ಹಿಡಿದು ನಿಂತರೂ ನಿಲ್ಲಲಿಲ್ಲ.

"ಯಾರೂ ಕೂತಿಲ್ಲವಾ?"

ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಮಗಳ ಹೆಗಲ ಮೇಲೆ.

"ಕೂರದೆ ಹೇಗೆ ನಿಲ್ತದೆ ಅದು? ನಾ ಕೂರ್ತೇನೆ."

ಬೇಡ ಬೇಡ ಎಂದು ಮನೆಯೆಲ್ಲ ಒಂದೇ ದನಿಯಲ್ಲಿ ಕೂಗಿತು. ಅಷ್ಟರಲ್ಲಿ ಮದುಮಗಳೇ ಹೊರಗೆ ಬಂದಳು. ಇನ್ನೂ ಸಿಂಗಾರ ಆಗಿರಲಿಲ್ಲ, ಹಳೆಯ ಚೂಡಿದಾರ, ಮೊಣಕೈವರೆಗೆ ಮೆಹಂದಿ. ಏನೋ ಅಂದು ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ಟಿನ ಮೇಲೆ ಹಾಕಿ ಕೂತೇಬಿಟ್ಟಳು. ನನಗೆ ಬರುವ ಕೊಂಕಣಿಯಿಂದ ಅರ್ಧ ಅರ್ಥವಾಯಿತು: ನೀನು ಹೇಳು, ನಾನು ಕೂರುತ್ತೇನೆ. ಅಜ್ಜಿಗೆ ಪಕ್ಕದಲ್ಲೊಂದು ತಗ್ಗಿನ ಸ್ಟೂಲು ಹಾಕಿದೆವು. ಅವರು ಬಕೆಟ್ಟಿನ ಹೊಟ್ಟೆಯ ಮೇಲೆ ಅಂಗೈ ಊರಿದರು.

ಆಮೇಲಿನ ಅರ್ಧ ಗಂಟೆ ಅಲ್ಲಿ ನನ್ನ ಯಜಮಾನಿಕೆ ಇರಲಿಲ್ಲ. ಕರಗಿದ ನೀರನ್ನು ಚೆಲ್ಲಲು ಮೊಮ್ಮಗ ಬಾಗಿದಾಗ, "ಚೆಲ್ಬೇಡ, ಆ ಉಪ್ಪು ನೀರೇ ತಣ್ಣಗೆ ಮಾಡುದು" ಎಂದರು. ನಾನು ಉಪ್ಪನ್ನು ಬದಿಯಿಂದ ಕೆಳಗೆ ತುರುಕುವಾಗ, "ಮೇಲೆ ಹಾಕು, ತಾನೇ ಇಳೀತದೆ, ಮುಚ್ಚಳದ ಬಾಯಿಗೆ ಮಾತ್ರ ತಾಗ್ಸಬೇಡ" ಎಂದರು. ಎರಡೂ ಸರಿ. ಮದುವೆಮನೆಯ ಹೆಂಗಸರು ಒಬ್ಬೊಬ್ಬರೇ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಮಗಳೂ ನಿಂತಿದ್ದರು. ಅಜ್ಜಿಯ ಮಾತನ್ನು ಯಾರೂ ತಿದ್ದಲಿಲ್ಲ.

ಹಿಡಿಕೆ ಬಿಗಿಯಾಯಿತು. ಮೊಮ್ಮಗನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ನಾನು ಗಡಿಯಾರ ನೋಡಿದೆ. ಕುಮಟಾದ ಲೆಕ್ಕಕ್ಕೆ ಹೊತ್ತಾಗಿತ್ತು. ಗಂಟುಗಟ್ಟಿದ ಆ ಮೊದಲ ಸಲದ್ದು ಕಣ್ಣ ಮುಂದೆ ಬಂತು.

"ಸಾಕು ಅಮ್ಮಾ, ನಿಲ್ಲಿಸುವ," ಎಂದೆ.

"ಇನ್ನೂ ಇಲ್ಲ."

ಇನ್ನೆರಡು ನಿಮಿಷ. ನನ್ನ ಹೆಸರು ಕೆಟ್ಟರೆ ಕೆಡಲಿ ಎಂದವಳು ನಾನೇ. ಆದರೆ ಅಷ್ಟು ಜನರ ನಡುವೆ ಕೂತ ಅವರನ್ನು ನೋಡುತ್ತಾ ನಿಂತಾಗ ನನಗಿದ್ದ ಹೆದರಿಕೆ ನನ್ನ ಹೆಸರಿನದಲ್ಲ. ಅಜ್ಜಿ ಕಣ್ಣು ಮುಚ್ಚಿದ್ದರು. ಗಡಗಡ ಸದ್ದು ಮೆಲ್ಲಗೆ ಅಡಗುತ್ತಾ ಒಂದು ದಪ್ಪ ಗುಡುಗಾಟವಾಯಿತು. ಬಕೆಟ್ಟಿನ ಮೇಲಿದ್ದ ಮದುಮಗಳು ಬೆಚ್ಚಿದವಳಂತೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅಂಗೈ ಎತ್ತಿದರು.

"ಆತು."

ಉಪ್ಪು ನೀರು ಒರೆಸಿ ಮುಚ್ಚಳ ತೆಗೆದೆ. ಒಳಗೆ ಗಂಟಿರಲಿಲ್ಲ, ಗಂಜಿಯೂ ಇರಲಿಲ್ಲ. ರೆಕ್ಕೆಯನ್ನೆತ್ತಿದಾಗ ಅದರ ಜೊತೆ ಬೆಳ್ಳಗೆ, ದಟ್ಟವಾಗಿ, ಸಣ್ಣ ರವೆಯಂಥ ಕಾಳುಗಳೊಂದಿಗೆ ಮೇಲೆದ್ದು, ಬೀಳಲೋ ಬೇಡವೋ ಎಂದು ನಿಂತಿತು. ಕಾಗಾಲದಾಕೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಮುನ್ನೂರು ಜನಕ್ಕೆ ಅದು ಸಾಲುವಷ್ಟಿರಲಿಲ್ಲ. ಊಟದ ಹೊತ್ತಿಗೆ ಎಲ್ಲರ ಬಟ್ಟಲಿಗೂ ಅದರದ್ದು ಒಂದೊಂದು ಚಮಚ ಹಾಕಿ ಪಕ್ಕಕ್ಕೆ ನನ್ನ ಮಾವಿನದು ಬಡಿಸಿದರು. ನನ್ನ ಮಾವಿನದನ್ನು ಆವತ್ತು ಯಾರೂ ಹೊಗಳಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಹಿತ್ತಿಲಿನಲ್ಲಿ ಮೊದಲ ಬಟ್ಟಲನ್ನು ಅಜ್ಜಿಗೆ ಕೊಟ್ಟೆವು. ಸಕ್ಕರೆ ಕಾಯಿಲೆಯಿದ್ದ ಅವರಿಗೆ ಡಾಕ್ಟರು ಒಂದು ಚಮಚಕ್ಕೆ ಅಪ್ಪಣೆ ಕೊಟ್ಟಿದ್ದರು. ಆ ಒಂದು ಚಮಚವನ್ನು ಬಾಯಿಗಿಟ್ಟುಕೊಂಡು ಅವರು ಕಾಳನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದರು. ಬಿರಿಯಾನಿ ಹಂಡೆಯ ಬಳಿಯವರೂ ಕತ್ತು ಚಾಚಿ ನೋಡುತ್ತಿದ್ದರು.

ಮಗಳು ಅವರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಳಿದರು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಕೇಳಿದರು.

"ಇದೇನಾ ಅಮ್ಮಾ? ನೀವು ಹೇಳ್ತಿದ್ದದ್ದು ಇದೇನಾ?"

"ಅಲ್ಲ," ಎಂದರು ಅಜ್ಜಿ.

ಮಗಳ ಮುಖ ಸಣ್ಣದಾಯಿತು. ನನ್ನದೂ ಆಗಿರಬೇಕು.

"ಅದು ಇಷ್ಟು ಒಳ್ಳೇದು ಆಗಿರ್ಲಿಲ್ಲ. ಅಕ್ಕನ ಮದುವೆಲಿ ಮುಚ್ಚಳ ಸಡಿಲ ಆಗಿ ಉಪ್ಪು ಒಳಗೆ ಹೋಗಿತ್ತು. ಯಾರೂ ಹೇಳ್ಲಿಲ್ಲ. ಎಲ್ರೂ ತಿಂದ್ರು." ಎಂದು ನಗಲು ಶುರು ಮಾಡಿದವರು ನಗುತ್ತಲೇ ಬಟ್ಟಲನ್ನು ನನ್ನ ಕಡೆ ಚಾಚಿದರು. "ಇನ್ನೊಂದು ಚೂರು ಹಾಕು."

ನಾನು ಮಗಳ ಕಡೆ ನೋಡಿದೆ. ಅವರು ಬೇಕೆಂದೇ ಬಾವಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಹಾಕಿದೆ.